ಹೊಟ್ಟೆ ಸೇರಿದ ಬೂಷ್ಟಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಗ್ಗಿದ ಶೇಂಗಾ ಬಾಯಿಗೆ ಬಿದ್ದರೆ ಥೂ ಎಂದು ಉಗುಳಿಬಿಡುತ್ತೇವೆ. ಆದರೆ ಬೂಷ್ಟು ಕಾಳಿನೊಳಗೆ ಬಿಟ್ಟುಹೋಗುವ ಅಫ್ಲಾಟಾಕ್ಸಿನ್ ಎಂಬ ವಿಷ ಕಣ್ಣಿಗೆ ಕಾಣದು, ಹುರಿದರೂ ಪೂರ್ತಿ ಹೋಗದು. ಹಾಗಿದ್ದರೆ ಅದು ಯಾರ ಹೊಟ್ಟೆಗೆ ಎಷ್ಟು ಸೇರಿತೆಂದು ತಿಳಿಯುವುದು ಹೇಗೆ?

"ಏನು ತಿಂದಿರಿ, ಎಷ್ಟು ತಿಂದಿರಿ" ಎಂದು ಕೇಳಿ ಬರೆದುಕೊಳ್ಳುವುದು ಹಳೆಯ ದಾರಿ. ಆದರೆ ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳು ಚೆನ್ನಾಗಿದ್ದು, ನಾಲ್ಕೈದರಲ್ಲೇ ಎಲ್ಲ ತುಂಬಿರಬಹುದು. ಪರೀಕ್ಷೆಗೆ ಒಯ್ದ ಹಿಡಿಯಲ್ಲಿ ಅವು ಇಲ್ಲದಿದ್ದರೆ ಚೀಲ ಪಾಸು!

ಅದಕ್ಕೇ ವಿಜ್ಞಾನಿಗಳು ಚೀಲ ಬಿಟ್ಟು ಮನುಷ್ಯನ ಕಡೆ ತಿರುಗಿದರು. ಅಫ್ಲಾಟಾಕ್ಸಿನ್ ಯಕೃತ್ತಿನಲ್ಲಿ ರೂಪ ಬದಲಿಸಿ, ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಲ್ಬುಮಿನ್‌ನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಹಿಡಿಯುವ ಕಾಲ, ಸುಮಾರು 20 ದಿನ. ಆದ್ದರಿಂದ ಸ್ವಲ್ಪ ರಕ್ತ ತೆಗೆದರೆ ಹಿಂದಿನ ಎರಡು ಮೂರು ತಿಂಗಳ ಊಟದ ಲೆಕ್ಕ ಸಿಗುತ್ತದೆ. ಅಳತೆ ಪಿಕೋಗ್ರಾಂನಲ್ಲಿ, ಅಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಮೂತ್ರದಲ್ಲೂ ಗುರುತು ಸಿಗುತ್ತದೆ, ಆದರೆ ಅದು ನಿನ್ನೆ ಮೊನ್ನೆಯ ಊಟದ್ದು ಮಾತ್ರ. ಒಂದೇ ರೊಟ್ಟಿ ಹಂಚಿಕೊಂಡು ತಿಂದ ಇಬ್ಬರಲ್ಲೂ ಈ ಅಳತೆ ಬೇರೆಬೇರೆ ಬರಬಹುದು. ಇಬ್ಬರ ಯಕೃತ್ತೂ ಒಂದೇ ಥರ ಕೆಲಸ ಮಾಡಬೇಕಲ್ಲ!

ಚೀನಾದ ಶಾಂಘೈನಲ್ಲಿ 1986ರಿಂದ 1989ರವರೆಗೆ 18,244 ಗಂಡಸರ ಮೂತ್ರ ಪಡೆದು ಶೈತ್ಯದಲ್ಲಿ ಇಟ್ಟರು. ಮುಂದೆ ಅವರಲ್ಲಿ ಕೆಲವರಿಗೆ ಯಕೃತ್ತಿನ ಕ್ಯಾನ್ಸರ್ ಬಂದಾಗ ಆ ಸೀಸೆಗಳನ್ನು ಹೊರತೆಗೆದು ನೋಡಿದರು. ಊಟದ ಪ್ರಶ್ನಾವಳಿಯಲ್ಲಿ ಯಾವ ನಂಟೂ ಕಾಣಲಿಲ್ಲ. ಮೂತ್ರದಲ್ಲಿ ಎದ್ದು ಕಂಡಿತು. ಅಫ್ಲಾಟಾಕ್ಸಿನ್ ಗುರುತಿನ ಜೊತೆಗೆ ಹೆಪಟೈಟಿಸ್ ಬಿ ಸೋಂಕೂ ಇದ್ದವರಿಗೆ, ಎರಡೂ ಇಲ್ಲದವರಿಗಿಂತ ಅಪಾಯ ಸುಮಾರು 60 ಪಟ್ಟು. ನನ್ನ ಮಟ್ಟಿಗೆ, ಬರೀ ಪ್ರಶ್ನೆ ಕೇಳಿ ವಿಷ ಅಳೆಯುವ ಪದ್ಧತಿಯ ಮೇಲಿನ ನಂಬಿಕೆ ಅಲ್ಲಿಗೇ ಮುಗಿಯಿತು.

ಎಲ್ಲ ವಿಷವೂ ಹೀಗೆ ಸಿಕ್ಕಿಬೀಳುವುದಿಲ್ಲ. 1995ರಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದು ಆಂಧ್ರದ, ನಮ್ಮ ಕರ್ನಾಟಕದ ಕೆಲವು ಹಳ್ಳಿಗಳ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಆ ಕಾಳುಗಳಲ್ಲಿ ಸಿಕ್ಕಿದ್ದು ಫ್ಯುಮೋನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ. ತಿಂದ ಫ್ಯುಮೋನಿಸಿನ್‌ನಲ್ಲಿ ನೂರಕ್ಕೆ ಒಂದು ಪಾಲೂ ಮೂತ್ರಕ್ಕೆ ಇಳಿಯುವುದಿಲ್ಲ. ಇಳಿದದ್ದೂ ಕೆಲವೇ ದಿನಗಳಲ್ಲಿ ಮಾಯ. ಅಷ್ಟರೊಳಗೆ ಮೂತ್ರ ಹಿಡಿದಿಡದಿದ್ದರೆ, ಮತ್ತೆ ಮನೆಯಲ್ಲಿ ಉಳಿದ ಜೋಳವನ್ನೇ ಅರೆದು ಪರೀಕ್ಷಿಸಬೇಕು.

ನಮಸ್ಕಾರ.