ಹಗ್ಗಕ್ಕೆ ದುಡ್ಡು ಎಲ್ಲಿಂದ ಬರುತ್ತೆ?

ನಮಸ್ಕಾರ ಎಲ್ರಿಗೂ. ಈಗ ನೀವು ನೋಡ್ತಿರೋದು ಇಂಗ್ಲೆಂಡಿನಲ್ಲಿ ನಾನು ಓದ್ತಿರೋ ಯೂನಿವರ್ಸಿಟಿಯ ಕೇವಿಂಗ್ ಕ್ಲಬ್ಬಿನ, ಅಂದ್ರೆ ಗುಹೆಗಳಿಗೆ ಇಳಿಯೋ ಹವ್ಯಾಸದವರ ಕ್ಲಬ್ಬಿನ, ಸಾಮಾನು ಕೋಣೆ. ಗೋಡೆಗೆ ನೇತು ಹಾಕಿರೋದು ಓವರ್‌ಸೂಟುಗಳು, ಕೆಳಗಡೆ ರಬ್ಬರ್ ಬೂಟುಗಳು, ಆ ಕಪಾಟಲ್ಲಿ ಹೆಲ್ಮೆಟ್ಟು, ಲೈಟು. ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿರೋದೆಲ್ಲ ಹಗ್ಗ. ಇವತ್ತು ಗುಹೆ ಕಮ್ಮಿ, ದುಡ್ಡಿನ ಮಾತು ಜಾಸ್ತಿ. ಈ ಕೋಣೆ ಇಲ್ಲದೇ ಹೋಗಿದ್ರೆ ನಾನು ಇಲ್ಲಿ ಒಂದು ಗುಹೆಗೂ ಇಳೀತಾ ಇರ್ಲಿಲ್ಲ.

ಯಾಕೆ ಅಂತ ಕೇಳಿ. ಹಗ್ಗ ಕಟ್ಟಿ ಇಳಿಯೋ ಗುಹೆಗೆ ಹೋಗ್ಬೇಕು ಅಂದ್ರೆ ಸೊಂಟಕ್ಕೆ ಕಟ್ಟೋ ಪಟ್ಟಿ ಅಂದ್ರೆ ಹಾರ್ನೆಸ್ಸು, ಇಳಿಯೋಕೆ ಡಿಸೆಂಡರು, ಹತ್ತೋಕೆ ಎದೆಗೊಂದು, ಕೈಗೊಂದು ಜಾಮರ್ರು (ಹಗ್ಗದ ಮೇಲೆ ಮೇಲಕ್ಕೆ ಜಾರುತ್ತೆ, ಕೆಳಕ್ಕೆ ಜಾರದೆ ಕಚ್ಚಿಕೊಳ್ಳುತ್ತೆ) ಬೇಕು. ಎಲ್ಲಾ ಸೇರಿದ್ರೆ ಅದನ್ನ ಎಸ್‌ಆರ್‌ಟಿ ಕಿಟ್ ಅಂತಾರೆ, ಅಂದ್ರೆ ಒಂದೇ ಹಗ್ಗದಲ್ಲಿ ಇಳಿದು ಹತ್ತೋ ಸಾಮಾನು. ಹೊಸದಾಗಿ ತಗೊಂಡ್ರೆ ಸುಮಾರು 300 ಪೌಂಡ್. ಸೂಟು, ಹೆಲ್ಮೆಟ್ಟು, ಲೈಟು ಬೇರೆ. ನಮ್ಮ ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸು ನಡೆಯೋ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಆ ಸಂಬಳ ಬಾಡಿಗೆಗೇ ಸರಿಹೋಗುತ್ತೆ. ಇಷ್ಟವಾಗುತ್ತೋ ಇಲ್ಲವೋ ಅಂತಲೇ ಗೊತ್ತಿಲ್ಲದ ಆಟಕ್ಕೆ ಅಷ್ಟು ದುಡ್ಡು ಸುರಿಯೋಕೆ ಯಾರಿಗೆ ಸಾಧ್ಯ? ಕ್ಲಬ್ಬಿಗೆ ವರ್ಷದ ಚಂದಾ ಕಟ್ಟಿದ್ರೆ ಎಲ್ಲವನ್ನೂ ಇಲ್ಲಿಂದಲೇ ಎರವಲು ಕೊಡ್ತಾರೆ. ನಮ್ಮ ಮನೆ ಕಡೆಯಿಂದ ಬಂದವರಿಗೆ ಗುಹೆಯ ಬಾಗಿಲು ಅಂದ್ರೆ ಇದೇ.

ಆದ್ರೆ ಹಗ್ಗ ಸವೆಯುತ್ತೆ. ಕಬ್ಬಿಣದ್ದು, ಅಲ್ಯೂಮಿನಿಯಮ್ಮಿಂದು ನೋಡ್ಕೊಂಡು ಬಳಸಿದ್ರೆ ಬಹಳ ಕಾಲ ಬರುತ್ತೆ. ಹಗ್ಗ, ಹಾರ್ನೆಸ್ಸು ಹಾಗಲ್ಲ. ಇಂಥ ಸಾಮಾನು ಮಾಡೋ ಪೆಟ್ಜಲ್ ಥರದ ಕಂಪನಿಗಳು ಬಟ್ಟೆ-ದಾರದ ಸಾಮಾನಿಗೆ ಹೆಚ್ಚು ಅಂದ್ರೆ 10 ವರ್ಷ ಅಂತ ಗಡುವು ಹಾಕಿವೆ, ಬಳಸದೇ ಇಟ್ಟಿದ್ರೂ ಅಷ್ಟೇ. ಗುಹೆಯ ಕೆಸರು, ಮರಳು ಎಳೆಗಳ ಒಳಗೆ ಸೇರ್ಕೊಂಡು ಅದಕ್ಕೂ ಮೊದಲೇ ಹಗ್ಗ ತಿನ್ನುತ್ತೆ. ಯಾರ್ಕ್‌ಶೈರಿನ ಗೇಪಿಂಗ್ ಗಿಲ್ ಅಂತ ಒಂದು ಬಾವಿಯಂಥ ಗುಹೆ ಇದೆ, ಮುಖ್ಯ ಇಳಿತವೇ 98 ಮೀಟರ್. 1895ರಲ್ಲಿ ಫ್ರಾನ್ಸಿನ ಗುಹೆ ಶೋಧಕ ಮಾರ್ಟೆಲ್ ಹಗ್ಗದ ಏಣಿ ಇಳಿಬಿಟ್ಟು ಮೊದಲ ಸಲ ತಳ ಮುಟ್ಟಿದ ಜಾಗ ಅದು. ಅಂಥ ಒಂದು ಇಳಿತಕ್ಕೆ ಎಷ್ಟು ಹಗ್ಗ ಬೇಕು ನೀವೇ ಯೋಚಿಸಿ. ಮನೆಯಲ್ಲಿ ಅಕ್ಕಿ ಮುಗಿದ ಹಾಗೆ ಇಲ್ಲಿ ಹಗ್ಗ ಮುಗೀತಾನೇ ಇರುತ್ತೆ.

ದುಡ್ಡು ಸ್ವಲ್ಪ ಸ್ಟೂಡೆಂಟ್ ಯೂನಿಯನ್ನಿಂದ ಬರುತ್ತೆ, ಸ್ವಲ್ಪ ಓದು ಮುಗಿಸಿ ಹೋದ ಹಳೇ ಸದಸ್ಯರಿಂದ. ವಿಮೆ ಬ್ರಿಟಿಷ್ ಕೇವಿಂಗ್ ಅಸೋಸಿಯೇಷನ್ ಮೂಲಕ. ವಿದ್ಯಾರ್ಥಿ ಕ್ಲಬ್ಬುಗಳಿಗೇ ಅಂತ ಚೆಕ್ (CHECC) ಅನ್ನೋ ಹೆಸರಿನ ಒಕ್ಕೂಟ ಇದೆ, ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದೆಡೆ ಸೇರಿಸಿ ತರಬೇತಿ ಕೊಡುತ್ತೆ.

ಇವುಗಳ ಮಧ್ಯೆ ನನಗೆ ತುಂಬಾ ಇಷ್ಟವಾದ ಕಥೆ ಘಾರ್ ಪರಾವ್ ಫೌಂಡೇಶನ್ನಿಂದು. 1971ರಲ್ಲಿ ಬ್ರಿಟನ್ನಿನ ಒಂದು ತಂಡಕ್ಕೆ ಇರಾನಿನ ಝಾಗ್ರೋಸ್ ಬೆಟ್ಟಗಳಲ್ಲಿ ಘಾರ್ ಪರಾವ್ ಅನ್ನೋ ಒಂದು ಆಳವಾದ ಗುಹೆ ಸಿಕ್ತು. ಪ್ರಪಂಚದಲ್ಲೇ ಅತಿ ಆಳದ್ದು ಇದೇ ಆಗಬಹುದು ಅನ್ನೋ ಆಸೆ ಹುಟ್ಟಿತು. 1972ರಲ್ಲಿ ದೊಡ್ಡ ತಯಾರಿಯಿಂದ ವಾಪಸ್ ಹೋದ್ರು. 751 ಮೀಟರ್ ಆಳದಲ್ಲಿ ನೀರು ತುಂಬಿದ ಸುರಂಗ ಅಡ್ಡ ಬಂತು. ದಾಖಲೆ ಆಗಲಿಲ್ಲ. ಆದ್ರೆ ಆ ಯಾತ್ರೆಯಲ್ಲಿ ಮಿಕ್ಕ ಹಣವನ್ನ ಹಂಚಿಕೊಳ್ಳದೆ, ಮುಂದೆ ಗುಹೆ ಹುಡುಕಿ ಹೊರಡೋರಿಗೆ ಅಂತ ನಿಧಿ ಮಾಡಿಟ್ರು. ಇವತ್ತಿಗೂ ಆ ನಿಧಿಯಿಂದ ತಂಡಗಳಿಗೆ ಸಹಾಯ ಸಿಗುತ್ತೆ. ವಾಪಸ್ ಬಂದು ವರದಿ ಬರೆದು ಕೊಡಬೇಕು. ಅದು ನ್ಯಾಯವಾದ ಷರತ್ತು ಅಂತಲೇ ನನಗನ್ನಿಸುತ್ತೆ, ಯಾಕಂದ್ರೆ ಮುಂದಿನ ತಂಡ ಆ ವರದಿ ಹಿಡ್ಕೊಂಡೇ ಹೊರಡೋದು.

ಫೋನ್ ಮಾಡಿದಾಗ ಅಮ್ಮ ಕೇಳಿದ್ರು, "ಹುಡುಗರು ಗುಹೆಗೆ ಇಳಿಯೋಕೆ ಬೇರೆಯವರು ಯಾಕೆ ದುಡ್ಡು ಕೊಡ್ಬೇಕಮ್ಮಾ?" ಸರಿಯಾದ ಪ್ರಶ್ನೆ. ಹುಡುಗರು ಏನು ಮಾಡಿದ್ದಾರೆ ನೋಡಿ. ಕೇಂಬ್ರಿಡ್ಜ್ ಕ್ಲಬ್ಬಿನವರು 1976ರಿಂದ ಆಸ್ಟ್ರಿಯಾದ ಒಂದೇ ಬೆಟ್ಟಸಾಲಿಗೆ ಹೋಗ್ತಾ ಇದ್ದಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 1994ರಿಂದ ಸ್ಲೊವೇನಿಯಾದ ಮಿಗೊವೆಟ್ಸ್ ಬೆಟ್ಟದಲ್ಲಿ, ಅಲ್ಲಿನ ಊರಿನ ಗುಹೆಗಾರರ ಜೊತೆ ಸೇರಿ ಹುಡುಕ್ತಾ ಇದ್ದಾರೆ. 2012ರಲ್ಲಿ ಅಲ್ಲಿನ ಎರಡು ಗುಹೆಗಳು ಒಳಗೇ ಕೂಡೋ ದಾರಿ ಸಿಕ್ಕಿ, ಅದು ಆಗ ಆ ದೇಶದ ಅತಿ ಉದ್ದದ ಗುಹೆ ಆಯ್ತು. ಗುಹೆಯ ಅಳತೆಯನ್ನ ನಕ್ಷೆ ಮಾಡೋ ಸರ್ವೆಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಬೆಳೆದದ್ದೂ ಕೇಂಬ್ರಿಡ್ಜ್ ಕ್ಲಬ್ಬಿನವರ ಕೈಯಲ್ಲೇ. ಇನ್ನು ಇಲ್ಲಿ ಗುಹೆಯೊಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ರಕ್ಷಣೆಗೆ ಬರೋರು ಸಂಬಳ ತಗೊಳ್ಳದ ಸ್ವಯಂಸೇವಕರು. ಕಾಲೇಜಿನ ಕ್ಲಬ್ಬಲ್ಲೇ ಗಂಟು ಹಾಕೋದು ಕಲಿತವರೂ ಅವರಲ್ಲಿದ್ದಾರೆ. ಇಷ್ಟನ್ನೂ ಅಮ್ಮನಿಗೆ ಹೇಳಿದೆ.

ಈಗ ನನ್ನ ಮನಸ್ಸಿನ ಮಾತು. ದೂರದ ಯಾತ್ರೆಗೆ ಹಣ ಕೇಳೋದು ಸುಲಭ. ನಕ್ಷೆ ತೋರಿಸಬಹುದು, ಮನುಷ್ಯ ಕಾಲಿಡದ ಜಾಗ ಅಂತ ಹೇಳಬಹುದು. ಅಕ್ಟೋಬರಿನಲ್ಲಿ ಹೊಸಬರನ್ನ ಕರ್ಕೊಂಡು ಹೋಗೋಕೆ ಮಿನಿಬಸ್ಸು, ಹಗ್ಗ, ಬೂಟು ಬೇಕು ಅಂದ್ರೆ ಯಾರಿಗೂ ಅಂಥ ಉತ್ಸಾಹ ಬರಲ್ಲ. ಆದ್ರೆ ಸ್ಲೊವೇನಿಯಾಕ್ಕೆ ಹೋಗೋ ಹುಡುಗಿ ಮೊದಲು ಅಕ್ಟೋಬರಿನಲ್ಲಿ ಎರವಲು ಬೂಟು ಹಾಕ್ಕೊಂಡು ಬಂದವಳೇ ಅಲ್ವಾ? ಕಾಲೇಜು ಕ್ಲಬ್ಬಲ್ಲಿ ಮೂರ್ನಾಲ್ಕು ವರ್ಷಕ್ಕೆ ಎಲ್ಲರೂ ಬದಲಾಗ್ತಾರೆ. ಹಗ್ಗ ಕಟ್ಟೋದು ಬಲ್ಲವರು ಡಿಗ್ರಿ ತಗೊಂಡು ಹೊರಟುಬಿಡ್ತಾರೆ, ಹೋಗೋ ಮುಂಚೆ ಕೈ ಹಿಡಿದು ಕಲಿಸದಿದ್ರೆ ಆ ವಿದ್ಯೆಯೂ ಅವರ ಜೊತೆಗೇ ಹೋಯ್ತು. ಕೊರೋನಾ ಕಾಲದಲ್ಲಿ ಹೊಸಬರನ್ನ ಕರ್ಕೊಂಡು ಹೋಗೋಕಾಗದೆ ಎಷ್ಟೋ ಕಡೆ ಈ ಕೊಂಡಿ ಸಡಿಲ ಆಯ್ತು. ಅದಕ್ಕೇ ಸಹಾಯ ಮಾಡೋರು ಯಾತ್ರೆಗೆ ಕೊಡೋವಷ್ಟೇ ಮನಸ್ಸಿಟ್ಟು ತರಬೇತಿಗೆ, ಸಾಮಾನು ಕೋಣೆಗೆ ಕೊಡ್ಬೇಕು.

ನಮ್ಮ ದೇಶದಲ್ಲೂ ಇದಕ್ಕೆ ಜಾಗ ಇದೆ. ಮೇಘಾಲಯದಲ್ಲಿ 1992ರಿಂದ ಶಿಲ್ಲಾಂಗಿನವರೂ ಹೊರದೇಶದವರೂ ಸೇರಿ ಗುಹೆಗಳನ್ನ ಅಳೀತಾ ಬಂದಿದ್ದಾರೆ. ಅಲ್ಲಿನ ಕ್ರೆಮ್ ಪುರಿ 24 ಕಿಲೋಮೀಟರಿಗೂ ಉದ್ದದ ಮರಳುಗಲ್ಲಿನ ಗುಹೆ. ಅಲ್ಲಿನ ಕಾಲೇಜು ಮಕ್ಕಳ ಕೈಗೂ ಇಂಥ ಕೋಣೆಯ ಬೀಗದ ಕೈ ಸಿಗಬೇಕು ಅಂತ ನನ್ನಾಸೆ.

ಈ ವರ್ಷ ನಮ್ಮ ಕ್ಲಬ್ಬಿನ ಸಾಮಾನಿನ ಜವಾಬ್ದಾರಿ ನಂದು, ಹಾಗಾಗಿ ಯೂನಿಯನ್ನಿಗೆ ಅರ್ಜಿ ಬರೀತಾ ಇರೋದೂ ನಾನೇ. ಇಲ್ನೋಡಿ, ಇದು ಹಗ್ಗದ ಪುಸ್ತಕ: ಯಾವ ಹಗ್ಗ ಯಾವಾಗ ತಂದಿದ್ದು, ಎಷ್ಟು ಉದ್ದ, ಯಾರ್ಯಾರು ಒಯ್ದಿದ್ರು, ಎಲ್ಲಾ ಇದರಲ್ಲಿದೆ. ಅರ್ಜಿ ಜೊತೆ ಇದರ ಪ್ರತಿಯನ್ನೇ ಲಗತ್ತಿಸ್ತಿದ್ದೀನಿ, ಒಂದೊಂದು ಹಗ್ಗ ಎಷ್ಟು ಜನರನ್ನ ಹೊತ್ತಿದೆ ಅಂತ ದುಡ್ಡು ಕೊಡೋರಿಗೆ ಕಣ್ಣಿಗೆ ಕಾಣಲಿ ಅಂತ. ಪಟ್ಟಿಯಲ್ಲಿ ಮೊದಲು ಹಗ್ಗ. ಆಮೇಲೆ ಇಬ್ಬರಿಗೆ ಹಗ್ಗ ಕಟ್ಟೋ ತರಬೇತಿಯ ಶುಲ್ಕ. ಆಮೇಲೆ ಸಣ್ಣ ಅಳತೆಯ ಬೂಟು, ಸಣ್ಣ ಅಳತೆಯ ಓವರ್‌ಸೂಟು, ಯಾಕಂದ್ರೆ ಇಲ್ಲಿರೋದು ಹೆಚ್ಚಿನವು ಎತ್ತರದ ಗಂಡುಮಕ್ಕಳ ಅಳತೆಯವು, ಕ್ಲಬ್ಬಿಗೆ ಬರೋ ಹುಡುಗೀರು ತೋಳು ಮಡಚಿಕೊಂಡು ಕಷ್ಟಪಡ್ತಾರೆ. ಸೋಮವಾರ ಅರ್ಜಿ ಹೋಗುತ್ತೆ. ಏನು ಮಂಜೂರಾಯ್ತು, ಏನಾಗಲಿಲ್ಲ ಅಂತ ಮುಂದಿನ ವಿಡಿಯೋದಲ್ಲಿ ಲೆಕ್ಕ ಸಮೇತ ತೋರಿಸ್ತೀನಿ.