ಮಸಲ್ ಶೋಲ್ಸ್‌ನ ಹಠಮಾರಿ ರಿಕ್ ಹಾಲ್

ಕೇಳುಗರೇ, ನಮಸ್ಕಾರ.

2018ರ ಜನವರಿ 2ರಂದು ಅಮೆರಿಕದ ಅಲಬಾಮಾ ರಾಜ್ಯದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನಲ್ಲಿ ರಿಕ್ ಹಾಲ್ ಎಂಬ ಮುದುಕ ತೀರಿಕೊಂಡರು. ವಯಸ್ಸು 85. ತುದಿ ತಿರುವಿದ ದಪ್ಪ ಮೀಸೆ, ಗಡುಸು ಮಾತು, ಯಾರಿಗೂ ತಲೆಬಾಗದ ಸ್ವಭಾವ. ಅರೀಥಾ ಫ್ರಾಂಕ್ಲಿನ್, ವಿಲ್ಸನ್ ಪಿಕೆಟ್, ಎಟಾ ಜೇಮ್ಸ್, ಕ್ಲಾರೆನ್ಸ್ ಕಾರ್ಟರ್ ಇವರೆಲ್ಲ ತಮ್ಮ ಅತ್ಯುತ್ತಮ ಹಾಡುಗಳಲ್ಲಿ ಕೆಲವನ್ನು ಈ ಮನುಷ್ಯನ ಸ್ಟುಡಿಯೋದಲ್ಲಿ ನಿಂತು ಹಾಡಿದವರು. ಆ ಹಾಡುಗಳಲ್ಲಿ ಹಾಲ್ ಅವರ ಕಂಠ ಎಲ್ಲಿಯೂ ಕೇಳಿಸುವುದಿಲ್ಲ. ಗಾಜಿನ ಆಚೆ ಕುಳಿತು ಯಾವ ಹಾಡು, ಯಾವ ಗತಿ, ಯಾರು ಯಾವ ವಾದ್ಯ ನುಡಿಸಬೇಕು, ಇನ್ನೊಮ್ಮೆ ಹಾಡಬೇಕೋ ಸಾಕೋ ಎಂದು ತೀರ್ಮಾನಿಸುತ್ತಿದ್ದವರು ಅವರು. ಸಾಕು ಎನ್ನುವುದು ಅವರ ಬಾಯಿಂದ ಸುಲಭವಾಗಿ ಬರುತ್ತಿರಲಿಲ್ಲ.

ಸೋಲ್ ಸಂಗೀತವೆಂದರೆ ಅಮೆರಿಕದ ಕಪ್ಪು ಜನರ ಚರ್ಚಿನ ಆವೇಶ ಮತ್ತು ಬ್ಲೂಸ್‌ನ ನೋವು ಕೂಡಿ ಹುಟ್ಟಿದ ಹಾಡುಗಾರಿಕೆ. ಹಾಲ್ ಬಿಳಿಯರು. ಅವರ ಸ್ಟುಡಿಯೋದ ಬಹುಪಾಲು ವಾದ್ಯಗಾರರೂ ಆಗ ಬಿಳಿಯ ಹುಡುಗರೇ. ರಾಜ್ಯದ ಗವರ್ನರ್ ಜಾರ್ಜ್ ವಾಲೆಸ್ 1963ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ವಿಶ್ವವಿದ್ಯಾಲಯದ ಬಾಗಿಲಿನಲ್ಲೇ ನಿಂತಿದ್ದ ಅಲಬಾಮಾ ಅದು. ಅಂಥ ನೆಲದಲ್ಲಿ ಇಂಥ ಹಾಡು ಹೇಗೆ ಹುಟ್ಟಿತು? ಉತ್ತರದ ಒಂದು ಭಾಗ ಹಾಲ್ ಅವರ ಬಾಲ್ಯದಲ್ಲಿದೆ ಎಂದು ನಾನು ನಂಬಿದ್ದೇನೆ.

ಅವರು ಹುಟ್ಟಿದ್ದು 1932ರಲ್ಲಿ, ಮಿಸಿಸಿಪ್ಪಿಯಲ್ಲಿ. ಬೆಳೆದದ್ದು ಗಡಿಯಾಚೆ ಅಲಬಾಮಾದ ಗುಡ್ಡಗಾಡಿನಲ್ಲಿ. ಅಪ್ಪ ಮರ ಕೊಯ್ಯುವ ಗಿರಣಿಯಲ್ಲಿ ದುಡಿಯುತ್ತಿದ್ದರು, ಬೇರೆಯವರ ಹೊಲದಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದರು. ಮಣ್ಣಿನ ನೆಲದ ಮನೆ, ಹುಲ್ಲಿನ ಹಾಸಿಗೆ. ಪುಟ್ಟ ತಮ್ಮ ಕುದಿಯುವ ನೀರಿನ ತೊಟ್ಟಿಗೆ ಬಿದ್ದು ಸತ್ತ. ಆ ದುಃಖದಲ್ಲಿ ಮನೆಯೇ ಒಡೆಯಿತು, ತಾಯಿ ಬಿಟ್ಟು ಹೋದರು. ಮಕ್ಕಳನ್ನು ಸಾಕಿದವರು ಅಪ್ಪ. ದೊಡ್ಡವನಾದ ಮೇಲೆ, 1957ರಲ್ಲಿ, ಹಾಲ್ ಅವರೇ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಮದುವೆಯಾಗಿ ಹೆಚ್ಚು ಕಾಲವಾಗಿರದ ಹೆಂಡತಿ ತೀರಿಕೊಂಡರು. ಸ್ವಲ್ಪ ದಿನಗಳಲ್ಲೇ, ಮಗ ಪ್ರೀತಿಯಿಂದ ಕೊಡಿಸಿದ್ದ ಟ್ರ್ಯಾಕ್ಟರ್ ಮಗುಚಿ ಅಪ್ಪನೂ ಹೋದರು. ಹಾಲ್ ಕುಡಿತಕ್ಕೆ ಬಿದ್ದರು, ಊರೂರು ಅಲೆದು ಪಿಟೀಲು ನುಡಿಸಿದರು, ಹಾಡು ಬರೆದರು.

ಇಷ್ಟು ಸಾವು ಕಂಡವನಿಗೆ ಹಾಡಿನಲ್ಲಿ ಬರುವ ಅಳು ನಿಜವೋ ನಾಟಕವೋ ಎಂಬುದು ತಕ್ಷಣ ತಿಳಿಯುತ್ತಿತ್ತು ಎನ್ನುವುದು ನನ್ನ ಅನಿಸಿಕೆ.

1959ರಲ್ಲಿ ಫ್ಲಾರೆನ್ಸ್ ಪಟ್ಟಣದ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ ಇಬ್ಬರು ಗೆಳೆಯರೊಂದಿಗೆ ಫೇಮ್ ಎಂಬ ಸಂಸ್ಥೆ ಕಟ್ಟಿದರು. ಫ್ಲಾರೆನ್ಸ್ ಅಲಬಾಮಾ ಮ್ಯೂಸಿಕ್ ಎಂಟರ್‌ಪ್ರೈಸಸ್ ಎಂಬುದರ ಚುಟುಕು ಹೆಸರು ಅದು. ಕೆಲಸ, ಕೆಲಸ ಎಂದು ಪೀಡಿಸುವ ಇವರ ಸಹವಾಸ ಸಾಕಾಗಿ ಜೊತೆಗಾರರು ಇವರನ್ನೇ ಹೊರಗೆ ಹಾಕಿದರು. ಫೇಮ್ ಎಂಬ ಹೆಸರು ಮಾತ್ರ ಇವರ ಪಾಲಿಗೆ ಉಳಿಯಿತು. ಹಳೆಯ ಗೋದಾಮೊಂದರಲ್ಲಿ ಯಂತ್ರಗಳನ್ನು ಜೋಡಿಸಿ, ಹೋಟೆಲಿನಲ್ಲಿ ಸಾಮಾನು ಹೊರುತ್ತಿದ್ದ ಆರ್ಥರ್ ಅಲೆಕ್ಸಾಂಡರ್ ಎಂಬ ಕಪ್ಪು ಯುವಕನ ಕೈಯಲ್ಲಿ ಹಾಡಿಸಿದರು. 1961ರ ಆ 'ಯೂ ಬೆಟರ್ ಮೂವ್ ಆನ್' ಗೆದ್ದಿತು. ಆ ದುಡ್ಡಿನಲ್ಲೇ ಮಸಲ್ ಶೋಲ್ಸ್‌ನ ಈಸ್ಟ್ ಅವಲಾನ್ ಅವೆನ್ಯೂದಲ್ಲಿ ಸ್ವಂತ ಸ್ಟುಡಿಯೋ ಎದ್ದಿತು. 1964ರಲ್ಲಿ ಜಿಮ್ಮಿ ಹ್ಯೂಸ್ ಹಾಡಿದ 'ಸ್ಟೀಲ್ ಅವೇ' ಮುದ್ರಿಸಿ, ಡಿಸ್ಕುಗಳನ್ನೂ ವೋಡ್ಕಾ ಬಾಟಲಿಗಳನ್ನೂ ಕಾರಿಗೆ ತುಂಬಿಕೊಂಡು, ಗೆಳೆಯ ಡ್ಯಾನ್ ಪೆನ್ ಜೊತೆ ದಕ್ಷಿಣದ ರೇಡಿಯೋ ಕೇಂದ್ರಗಳ ಬಾಗಿಲು ತಟ್ಟಿದರು. ಉಡುಗೊರೆ ಕೊಟ್ಟು ಹಾಡು ಹಾಕಿಸಿದ್ದು ಮೆಚ್ಚುವ ಕೆಲಸವಲ್ಲ. ಹಾಡು ಮಾತ್ರ ನಿಜಕ್ಕೂ ಚೆನ್ನಾಗಿತ್ತು.

1966ರಲ್ಲಿ ಪಕ್ಕದ ಊರಿನ ಬೇರೊಂದು ಸ್ಟುಡಿಯೋದಲ್ಲಿ ಪರ್ಸಿ ಸ್ಲೆಡ್ಜ್ ಎಂಬ ಆಸ್ಪತ್ರೆ ನೌಕರ 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್' ಹಾಡಿದರು. ಅದು ಹಾಲ್ ಮಾಡಿದ ಮುದ್ರಣವಲ್ಲ. ಆದರೂ ನ್ಯೂಯಾರ್ಕಿನ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಯ ಜೆರ್ರಿ ವೆಕ್ಸ್ಲರ್‌ಗೆ ಫೋನ್ ಮಾಡಿ, ಇದನ್ನು ಬಿಡಬೇಡಿ ಎಂದು ಹೇಳಿದವರು ಹಾಲ್. ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ವೆಕ್ಸ್ಲರ್ ತಮ್ಮ ಗಾಯಕರನ್ನು ಮಸಲ್ ಶೋಲ್ಸ್‌ಗೆ ಕರೆತರತೊಡಗಿದರು.

ಮೊದಲು ಬಂದವರು ವಿಲ್ಸನ್ ಪಿಕೆಟ್. ಅಲಬಾಮಾದಲ್ಲೇ ಹುಟ್ಟಿ, ಉತ್ತರಕ್ಕೆ ಹೋಗಿ ಬದುಕು ಕಟ್ಟಿಕೊಂಡಿದ್ದವರು. ವಿಮಾನದ ಕಿಟಕಿಯಿಂದ ಇಣುಕಿದಾಗ ಕೆಳಗೆ ತನ್ನವರು ಹತ್ತಿ ಬಿಡಿಸುತ್ತಿರುವುದು ಕಂಡು, ಇಲ್ಲಿ ಇಳಿಯುವುದೇ ಬೇಡ ಎನಿಸಿತೆಂದು ಅವರು ಆಮೇಲೆ ಹೇಳಿಕೊಂಡರು. ಕರೆದೊಯ್ಯಲು ಬಂದಿದ್ದವರು ದಕ್ಷಿಣದ ದಪ್ಪ ಉಚ್ಚಾರದ ಈ ಬಿಳಿಯ. ಆದರೆ ಸ್ಟುಡಿಯೋದ ಒಳಗೆ 'ಲ್ಯಾಂಡ್ ಆಫ್ ಎ ಥೌಸಂಡ್ ಡ್ಯಾನ್ಸಸ್' ಮತ್ತು 'ಮಸ್ಟ್ಯಾಂಗ್ ಸ್ಯಾಲಿ' ಹುಟ್ಟಿದವು. ಆ ಬಿರುಸನ್ನು ಈಗ ಕೇಳಿದರೂ ಕಾಲು ಸುಮ್ಮನಿರುವುದಿಲ್ಲ.

ಇನ್ನು 1967ರ ಜನವರಿ 24. ಈ ದಿನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅರೀಥಾ ಫ್ರಾಂಕ್ಲಿನ್ ಅದಾಗಲೇ ಕೊಲಂಬಿಯಾ ಕಂಪನಿಯಲ್ಲಿ ಹಲವು ವರ್ಷ ಹಾಡಿ, ತನ್ನ ನಿಜವಾದ ದನಿ ಎಲ್ಲಿಯೂ ಸಿಗದೆ ಬಂದಿದ್ದರು. ವೆಕ್ಸ್ಲರ್ ಅವರನ್ನು ಫೇಮ್‌ಗೆ ಕರೆತಂದು ಪಿಯಾನೋ ಮುಂದೆ ಕೂರಿಸಿದರು. 'ಐ ನೆವರ್ ಲವ್ಡ್ ಎ ಮ್ಯಾನ್' ಹಾಡಿಗೆ ಎಲ್ಲಿಂದ ಶುರು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸ್ಟುಡಿಯೋ ಮೌನ. ಆಗ ಸ್ಪೂನರ್ ಓಲ್ಡ್‌ಹ್ಯಾಮ್ ಎಂಬ ಹುಡುಗ ಎಲೆಕ್ಟ್ರಿಕ್ ಪಿಯಾನೋದಲ್ಲಿ ಒಂದು ಸಣ್ಣ, ತೊದಲುವಂಥ ನಡೆ ಹಿಡಿದ. ಎಲ್ಲರೂ ಅದಕ್ಕೆ ಜೊತೆಯಾದರು, ಅರೀಥಾ ಬಾಯಿ ತೆರೆದರು. ಮನೆಯೊಳಗೆ ಬಿಗಿಹಿಡಿದಿದ್ದ ಮಾತು ಚರ್ಚಿನ ವೇದಿಕೆಯಲ್ಲಿ ಒಡೆದಂತೆ ಆ ದನಿ ಬಂತು.

ಅದೇ ದಿನ ಎಲ್ಲವೂ ಕೆಟ್ಟಿತು. ಒಬ್ಬ ತುತ್ತೂರಿ ವಾದಕನಿಗೂ ಅರೀಥಾ ಅವರ ಪತಿ ಟೆಡ್ ವೈಟ್‌ಗೂ ಮಾತಿಗೆ ಮಾತು ಬೆಳೆಯಿತು. ಸುಮ್ಮನಿರಿ ಎಂದು ವೆಕ್ಸ್ಲರ್ ಹೇಳಿದರೂ ಕೇಳದೆ, ಹಾಲ್ ರಾತ್ರಿ ಕುಡಿದು, ರಾಜಿ ಮಾಡುತ್ತೇನೆಂದು ಹೋಟೆಲಿಗೆ ಹೋದರು. ರಾಜಿ ಹೊಡೆದಾಟವಾಯಿತು. ಅರೀಥಾ ಊರು ಬಿಟ್ಟರು. ಎರಡನೆಯ ಹಾಡು ಅರ್ಧಕ್ಕೇ ನಿಂತಿತು. ಇನ್ನು ನಿಮ್ಮ ಸ್ಟುಡಿಯೋಗೆ ಕಾಲಿಡುವುದಿಲ್ಲ ಎಂದು ವೆಕ್ಸ್ಲರ್ ಸಿಟ್ಟಾದರು. ಫೇಮ್‌ನ ವಾದ್ಯಗಾರರನ್ನು ಮಾತ್ರ ನ್ಯೂಯಾರ್ಕಿಗೆ ಕರೆಸಿಕೊಂಡು ಆ ಆಲ್ಬಮ್ ಮುಗಿಸಿದರು. ಅರೀಥಾ ಅವರ ಹೆಸರಾಂತ ಹಾಡು 'ರೆಸ್ಪೆಕ್ಟ್' ಹುಟ್ಟಿದ್ದು ಹಾಗೆ, ಹಾಲ್ ಇಲ್ಲದೆ. ತಪ್ಪು ಹಾಲ್ ಅವರದೇ ಎಂದು ನನಗನಿಸುತ್ತದೆ. ಅತಿಥಿಯಾಗಿ ಬಂದ ಕಪ್ಪು ಹೆಣ್ಣುಮಗಳೊಬ್ಬಳು ಆ ಕಾಲದ ಅಲಬಾಮಾದಲ್ಲಿ ನಡುರಾತ್ರಿ ಕೋಣೆಯ ಹೊರಗೆ ಅಂಥ ಗಲಾಟೆ ಕೇಳಬೇಕಾಗಿ ಬಂದದ್ದು ಸಣ್ಣ ವಿಷಯವಲ್ಲ. ಆದರೆ ಹಲವು ದಶಕಗಳ ಮೇಲೆ ಅರೀಥಾ ಅವರೇ, ತಮ್ಮ ಬದುಕು ತಿರುವು ಪಡೆದದ್ದು ಮಸಲ್ ಶೋಲ್ಸ್‌ನಲ್ಲಿ ಎಂದು ಒಪ್ಪಿಕೊಂಡರು.

ಬೇರೆ ಯಾರಾದರೂ ಆಗಿದ್ದರೆ ಕುಸಿಯುತ್ತಿದ್ದರು. ಹಾಲ್ ನೇರವಾಗಿ ಶಿಕಾಗೋದ ಚೆಸ್ ಕಂಪನಿಯೊಂದಿಗೆ ಕೈಜೋಡಿಸಿದರು. ಅದೇ ವರ್ಷ ಎಟಾ ಜೇಮ್ಸ್ ಬಂದು 'ಟೆಲ್ ಮಾಮಾ' ಮತ್ತು 'ಐ'ಡ್ ರಾದರ್ ಗೋ ಬ್ಲೈಂಡ್' ಹಾಡಿದರು. ಎರಡನೆಯದು ಸೋಲ್ ಸಂಗೀತದ ಅತ್ಯಂತ ದುಃಖದ ಹಾಡುಗಳಲ್ಲೊಂದು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

1968ರ ಕೊನೆಯಲ್ಲಿ ಪಿಕೆಟ್ ಮತ್ತೆ ಬಂದಾಗ ಡ್ವೇನ್ ಆಲ್ಮನ್ ಎಂಬ ಉದ್ದ ಕೂದಲಿನ ಗಿಟಾರ್ ಹುಡುಗ ಸ್ಟುಡಿಯೋದಲ್ಲಿದ್ದ. ಎಲ್ಲರೂ ಊಟಕ್ಕೆ ಹೋದಾಗ ಪಿಕೆಟ್ ಮತ್ತು ಆಲ್ಮನ್ ಇಬ್ಬರೇ ಉಳಿದರಂತೆ. ಕಪ್ಪು ಗಾಯಕ, ಪಕ್ಕದಲ್ಲಿ ಹಿಪ್ಪಿ ಹುಡುಗ, ಇಬ್ಬರೂ ಜೊತೆಗೆ ಹೋಟೆಲಿಗೆ ಹೊಕ್ಕರೆ ಊರಿನ ಕಣ್ಣುಗಳನ್ನು ಎದುರಿಸಬೇಕಾಗಿತ್ತು. ಆ ಹೊತ್ತಿನಲ್ಲೇ ಬೀಟಲ್ಸ್‌ನ 'ಹೇ ಜೂಡ್' ಹಾಡೋಣ ಎಂದು ಹುಡುಗ ಪಟ್ಟು ಹಿಡಿದ. ಹಾಲ್ ಮೊದಲು ಹುಚ್ಚು ಎಂದರು, ಆಮೇಲೆ ಒಪ್ಪಿದರು. ಕೊನೆಯಲ್ಲಿ ಪಿಕೆಟ್ ಕಿರುಚುವಾಗ ಆಲ್ಮನ್ ಗಿಟಾರ್ ಅದಕ್ಕೆ ಸರಿಸಮನಾಗಿ ಕೂಗುತ್ತದೆ. ಅದೇ ಹುಡುಗನ ರಾಕ್ ಸಂಗೀತ ಮಾತ್ರ ಹಾಲ್ ಅವರಿಗೆ ಹಿಡಿಸಲಿಲ್ಲ, ಅವನ ಒಪ್ಪಂದವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಎಂಥ ಕಿವಿಗೂ ಒಂದು ಎಲ್ಲೆ ಇರುತ್ತದೆ.

1969ರಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಬ್ಯಾರಿ ಬೆಕೆಟ್, ರೋಜರ್ ಹಾಕಿನ್ಸ್, ಜಿಮ್ಮಿ ಜಾನ್ಸನ್, ಡೇವಿಡ್ ಹುಡ್, ಈ ನಾಲ್ವರು ವಾದ್ಯಗಾರರು ವೆಕ್ಸ್ಲರ್ ನೆರವಿನಿಂದ ಪಕ್ಕದ ಶೆಫೀಲ್ಡ್‌ನಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಹಾಲ್ ಅದನ್ನು ಯುದ್ಧದ ಕರೆ ಎಂದೇ ತೆಗೆದುಕೊಂಡರು. ಹೊಸ ತಂಡ ಕಟ್ಟಿದರು. ಅದರಲ್ಲಿ ಕಪ್ಪು, ಬಿಳಿಯ ವಾದ್ಯಗಾರರು ಇಬ್ಬರೂ ಇದ್ದರು. ಆಮೇಲೆ ಆಸ್ಮಂಡ್ಸ್ ಸೋದರರ ಪಾಪ್ ಹಾಡು, ಗಾಯಕ ಮ್ಯಾಕ್ ಡೇವಿಸ್, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ. ಹಣವೂ ಬಂತು, 1971ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ವರ್ಷದ ನಿರ್ಮಾಪಕ ಗೌರವವೂ ಬಂತು. 2014ರಲ್ಲಿ ಗ್ರ್ಯಾಮಿ ಸಂಸ್ಥೆ ಟ್ರಸ್ಟೀಸ್ ಪ್ರಶಸ್ತಿ ಕೊಟ್ಟಿತು. ಸೋಲ್ ಪ್ರೇಮಿಯಾದ ನನಗೆ ಆ ಪಾಪ್ ಹಾಡುಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ.

ಒಂದು ಹಾಡನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. 1970ರ 'ಪ್ಯಾಚಸ್'. ಬಡ ರೈತನೊಬ್ಬ ಸಾಯುವಾಗ ಸಂಸಾರದ ಭಾರವನ್ನು ಮಗನ ಹೆಗಲಿಗೆ ಹಾಕುವ ಕಥೆ. ಬರೆದವರು ಜನರಲ್ ಜಾನ್ಸನ್ ಮತ್ತು ರಾನ್ ಡನ್‌ಬಾರ್. ಹಾಡಬೇಕಾಗಿದ್ದ ಅಂಧ ಗಾಯಕ ಕ್ಲಾರೆನ್ಸ್ ಕಾರ್ಟರ್ ಮೊದಲು ಒಪ್ಪಲಿಲ್ಲ. ಕಪ್ಪು ಜನರ ಬಡತನವನ್ನು ಹೀಗೆ ಹಾಡುವುದು ತನಗೆ ಅವಮಾನ ಎಂಬುದು ಅವರ ಮಾತು. ಆ ಮಾತಿನಲ್ಲಿ ನ್ಯಾಯವಿತ್ತು. ಆದರೆ ಹಾಲ್ ಅವರ ಕಿವಿಗೆ ಅದು ತನ್ನ ಅಪ್ಪನ ಕಥೆ, ಟ್ರ್ಯಾಕ್ಟರ್ ಅಡಿ ಸಿಕ್ಕಿದ ಅಪ್ಪನ ಕಥೆ. ಬಿಡಲಿಲ್ಲ, ಹಾಡಿಸಿಯೇ ಹಾಡಿಸಿದರು. ಅಮೆರಿಕದಲ್ಲಿ ನಾಲ್ಕನೆಯ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೆ ಹೋದ ಆ ಹಾಡು ಬರೆದವರಿಗೆ ಗ್ರ್ಯಾಮಿ ತಂದಿತು.

ಈಗ ಅದನ್ನೇ ಕೇಳೋಣ. ಆರಂಭದಲ್ಲಿ ಕಾರ್ಟರ್ ಹಾಡುವುದಿಲ್ಲ, ಅಲಬಾಮಾದ ಒಂದು ಹೊಲದ ಬಗ್ಗೆ ಮಾತನಾಡುತ್ತಾರೆ. ಆ ಮಾತನ್ನು ಗಮನವಿಟ್ಟು ಕೇಳಿ.