ಕೋರ್ಟಿನ ಭಯಕ್ಕೆ ಸುರಿಯೋ ಉಪ್ಪು

ಎಲ್ರಿಗೂ ನಮಸ್ಕಾರ. ಈಗ ಒಳಗೆ ಬರೋವಾಗ ಶೂ ಕೆಳಗೆ ಕರಕರ ಅಂತಲ್ಲ, ಅದು ಉಪ್ಪು, ಐಸ್ ಎಲ್ಲೂ ಇಲ್ಲ, ನೆಲ ಒಣಗಿದೆ. ಮಿನಿಯಾಪೊಲಿಸ್‌ನಲ್ಲಿ ಇರೋ ನಿಮಗೆ, ಚಳಿಗಾಲದಲ್ಲಿ ಐಸ್ ಕರಗಿ ಯಾರೂ ಜಾರದಿರಲಿ ಅಂತ ದಾರಿಗೆ ಉಪ್ಪು ಹಾಕ್ತಾರೆ ಅಂತ ಹೇಳ್ಬೇಕಿಲ್ಲ, ಯಾರು ಎಷ್ಟು ಹಾಕ್ತಾರೆ ಅನ್ನೋದೇ ನನ್ನ ಮಾತು.

ಹೋದ ಜನವರೀಲಿ ಒಂದಿನ ಬೆಳಗ್ಗೆ ಮೈನಸ್ 10 ಫ್ಯಾರನ್‌ಹೀಟ್, ನಮ್ಮ ಟೌನ್‌ಹೋಮ್ ಪಾರ್ಕಿಂಗ್‌ನಲ್ಲಿ ಕಾಂಟ್ರಾಕ್ಟ್ ಹುಡುಗ ಮೊರದಲ್ಲಿ ಎರಚಿದ ಹಾಗೆ ಉಪ್ಪು ಎರಚ್ತಿದ್ದ. 15 ಡಿಗ್ರಿಗಿಂತ ಕೆಳಗೆ ಹೋದ್ರೆ ಮಾಮೂಲಿ ಉಪ್ಪು ಸರಿಯಾಗಿ ಕೆಲಸ ಮಾಡಲ್ವಲ್ಲಪ್ಪ ಅಂದೆ. ಗೊತ್ತು, ಆದ್ರೆ ಯಾರಾದ್ರೂ ಜಾರಿ ಬಿದ್ದು ಕೇಸ್ ಹಾಕಿದ್ರೆ ನಮ್ಮ ಓನರ್ 'ಉಪ್ಪು ಹಾಕಿದ್ವಿ' ಅಂತ ತೋರಿಸ್ಬೇಕಲ್ಲ ಅಂದ. ಪಾಪ, ಅವನ ಮೇಲೆ ನಂಗೆ ಸಿಟ್ಟಿಲ್ಲ. ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ನಾನೂ ಪಕ್ಕದ್ಮನೆ ಮಕ್ಕಳೂ ಸೇರಿ ಗುಡಿಸಿದ್ವಿ, ಎರಡು ಬಕೆಟ್ ತುಂಬ್ತು! ಹಾಸನದಿಂದ ಬಂದಿದ್ದ ಅಮ್ಮ ನೋಡಿ, ಅಯ್ಯೋ ಉಪ್ಪು ತುಳೀಬಾರ್ದು ಕಣೋ, ಇಷ್ಟೊಂದು ಬೀದಿಗೆ ಚೆಲ್ಲಿದಾರಲ್ಲ ಅಂತ ಒದ್ದಾಡಿಬಿಟ್ರು.

ಒಂದು ಟೀ ಸ್ಪೂನ್ ಉಪ್ಪು ಸಾಕು, 5 ಗ್ಯಾಲನ್ ನೀರು ಕೆಡೋಕೆ. ಉಪ್ಪಿನಲ್ಲಿರೋ ಕ್ಲೋರೈಡ್ ಲೀಟರಿಗೆ 230 ಮಿಲಿಗ್ರಾಂ ದಾಟಿದ ನೀರು ಹಾಗೇ ಇದ್ರೆ ಮೀನು, ಹುಳುಗಳಿಗೆ ಕಷ್ಟ. ಕ್ಲೋರೈಡ್ ಕೊಳೆಯಲ್ಲ, ಆವಿಯಾಗಲ್ಲ, ಕೆರೆಯ ತಳಕ್ಕೆ ಇಳಿದು ಕೂರುತ್ತೆ. ಈ ಮೆಟ್ರೋ ಪ್ರದೇಶದಲ್ಲಿ ಹಾಕಿದ್ರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಭಾಗ ಇಲ್ಲೇ ಕೆರೆ, ಅಂತರ್ಜಲದಲ್ಲಿ ಉಳಿಯುತ್ತೆ ಅಂತ ಇಲ್ಲಿನ ಯೂನಿವರ್ಸಿಟಿಯವ್ರೇ ಲೆಕ್ಕ ಹಾಕಿದಾರೆ. ಉಪ್ಪು ತಿಂದೋನು ನೀರು ಕುಡೀಬೇಕು ಅಂತೀವಿ, ಇಲ್ಲಿ ಚೆಲ್ಲೋನೊಬ್ಬ, ಕುಡಿಯೋರು ನಾವೆಲ್ಲ.

ಹುಲ್ಲಿಗೆ ಔಷಧಿ ಹೊಡೆಯೋಕೆ ದುಡ್ಡು ತಗೊಳ್ಳೋನಿಗೆ ಲೈಸೆನ್ಸ್ ಬೇಕು, ಟನ್‌ಗಟ್ಟಲೆ ಉಪ್ಪು ಸುರಿಯೋನಿಗೆ ಬೇಡ್ವಾ? ಕಡಿಮೆ ಉಪ್ಪಲ್ಲಿ ಕೆಲಸ ಮುಗಿಸೋದು ಕಲಿಸೋ ನಮ್ಮ ಮಿನ್ನೆಸೋಟ ರಾಜ್ಯದ ಸ್ಮಾರ್ಟ್ ಸಾಲ್ಟಿಂಗ್ ತರಬೇತಿ ಚೆನ್ನಾಗಿದೆ, ಆದ್ರೆ ಅದು ಇಷ್ಟ ಇದ್ದೋರಿಗೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 2013ರಲ್ಲೇ ಒಂದು ದಾರಿ ಮಾಡಿದ್ರು, ತರಬೇತಿ ತಗೊಂಡು ಸರ್ಟಿಫಿಕೇಟ್ ಇಟ್ಕೊಂಡು ಎಷ್ಟು ಹಾಕಿದೆ ಅಂತ ಲೆಕ್ಕ ಕೊಡೋ ಕಾಂಟ್ರಾಕ್ಟರ್‌ಗೆ ಜಾರಿ ಬಿದ್ದ ಕೇಸುಗಳಿಂದ ಕಾನೂನಿನ ರಕ್ಷಣೆ. ಅಲ್ಲೂ ಕಡ್ಡಾಯ ಅಲ್ಲ, ಆದ್ರೆ ಭಯ ಇಳಿದ್ರೆ ಉಪ್ಪೂ ಇಳಿಯುತ್ತೆ, ಆ ಹುಡುಗನ ಕೈ ನಿಲ್ಲೋದು ಹಾಗೆ. ಕಡ್ಡಾಯವೂ ಆಗ್ಬೇಕು, ರಕ್ಷಣೆಯೂ ಸಿಗ್ಬೇಕು, ನಾನು ಕೇಳೋದು ಎರಡನ್ನೂ.

ಟೈಮ್ ಆಯ್ತು ಅಂತ ಚೀಟಿ ಬಂತು. ಮನೆ ಮಟ್ಟಿಗೆ ಒಂದೇ ಲೆಕ್ಕ, ಮೊದಲು ಹಿಮ ಕೆರೀರಿ, ಆಮೇಲೆ 20 ಅಡಿ ಡ್ರೈವ್‌ವೇಗೆ 12 ಔನ್ಸ್‌ನ ಒಂದು ಕಾಫಿ ಮಗ್ ಉಪ್ಪು, ಅಷ್ಟೇ. ಆ ಬಕೆಟ್‌ನಲ್ಲಿ ಒಂದನ್ನ ತಂದಿದೀನಿ, ಬಾಗಿಲ ಹತ್ರ ಟೇಬಲ್ ಮೇಲಿದೆ. ಪಕ್ಕದಲ್ಲೇ ಪತ್ರ ಇದೆ, ತರಬೇತಿ ಆದೋರಿಗೇ ಮುಂದಿನ ಚಳಿಗಾಲದ ಕಾಂಟ್ರಾಕ್ಟ್ ಕೊಡಿ ಅಂತ ನಮ್ಮ ನಮ್ಮ ಮನೆ ಮಾಲೀಕರ ಅಸೋಸಿಯೇಷನ್‌ಗಳಿಗೆ. ಊಟಕ್ಕೆ ಹೋಗೋ ಮುಂಚೆ ಓದಿ, ಒಪ್ಪಿದ್ರೆ ಸಹಿ ಹಾಕಿ.